ಗಾದಿಯ ಮೇಲಿನ ಕಡೆಯ ಜವಳಿ

ಹರಪನಹಳ್ಳಿಗೆ ಹೋದದ್ದು ಲೈನಿಂಗ್ ಬಟ್ಟೆ ತರಲಿಕ್ಕೆ. ಕಾನಹೊಸಹಳ್ಳಿಯಲ್ಲಿ ಹೆದ್ದಾರಿಯ ಪಕ್ಕ ನನ್ನದೊಂದು ಪುಟ್ಟ ಅಂಗಡಿಯಿದೆ. ಫಾಲ್ಸು, ಲೈನಿಂಗು, ಕುಪ್ಪಸದ ಕಣವೆನ್ನುವ ರವಿಕೆ ಬಟ್ಟೆ, ದಾರದ ಉಂಡೆ, ಇಷ್ಟರಲ್ಲೇ ನನ್ನ ವ್ಯಾಪಾರ. ಗಿರಾಕಿ ಕೇಳಿದ ಬಣ್ಣ ಕೂಡ್ಲಿಗಿಯಲ್ಲಿ ಸಿಗಲಿಲ್ಲವೆಂದು ಕೊಟ್ಟೂರಿನಲ್ಲಿ ಬಸ್ಸು ಬದಲಿಸಿ ಅಲ್ಲಿಯವರೆಗೆ ಹೋದೆ. ಕೆಲಸ ಬೇಗ ಮುಗಿಯಿತು. ಬಸ್‌ಸ್ಟ್ಯಾಂಡಿಗೆ ಹೊರಟ ಕಾಲು ನನ್ನನ್ನು ಕೇಳದೆಯೇ ಹಳೆ ಬಜಾರಿನ ಕಡೆ ತಿರುಗಿತು.

ಪಾತ್ರೆ ಅಂಗಡಿ ಇದ್ದಲ್ಲಿ ಫೈನಾನ್ಸಿನವರ ಕಚೇರಿ ಬಂದಿದೆ. ಬಳೆ ಅಂಗಡಿ ಬೇಕರಿಯಾಗಿದೆ. ವಾಚು ರಿಪೇರಿಯವರ ಕಟ್ಟೆಗೆ ಒರಗಿ ಪಾನಿಪೂರಿ ಗಾಡಿ ನಿಂತಿತ್ತು. ನಮ್ಮ ಅಂಗಡಿ, ಹಾಗೆ ಅನ್ನಲು ನನಗೆ ಈಗಲೂ ಸಂಕೋಚವಿಲ್ಲ, ನಮ್ಮ ಬಟ್ಟೆ ಅಂಗಡಿ ಇದ್ದ ಜಾಗದಲ್ಲಿ ಬಣ್ಣಬಣ್ಣದ ಮೊಬೈಲ್ ಕವರುಗಳು ತೂಗಾಡುತ್ತಿದ್ದವು. ಒಳಗೆ ಕೂತಿದ್ದ ಯುವಕ, "ಯಾವ ಮಾಡೆಲ್ ರಿ ಅಕ್ಕಾ?" ಅಂದ. ಉತ್ತರ ಕೊಡಲು ಬಗ್ಗಿದವಳ ಮೂಗಿಗೆ ಗಪ್ಪನೆ ಬಡಿಯಿತು, ನುಸಿಗುಳಿಗೆಯ ವಾಸನೆ.

"ಇದೇನಪ್ಪಾ ವಾಸನಿ?" ಅಂದೆ, ಗೊತ್ತಿಲ್ಲದವಳ ಹಾಗೆ.

"ಹಿಂದ ಇಲ್ಲಿ ಬಟ್ಟಿ ಅಂಗಡಿ ಇತ್ತಂತ್ರಿ. ಕಪಾಟು ಅವರವೇ. ಎಷ್ಟು ಊದಿನಕಡ್ಡಿ ಹಚ್ಚಿದ್ರೂ ಹೋಗವಲ್ದು" ಅಂತ ಅವನು ಮುಖ ಸಿಂಡರಿಸಿದ.

ಹೋಗದಿದ್ದರೆ ಒಳ್ಳೆಯದೇ ಆಯಿತು ಅಂದುಕೊಂಡೆ. ಬೇಡದ ಒಂದು ಕವರು ಕೊಂಡು, ಸ್ವಲ್ಪ ಹೊತ್ತು ಅಲ್ಲೇ ನಿಂತೆ.

ಆ ಕಪಾಟುಗಳ ಮುಂದೆ ನಾನು ಒಂದೇ ಒಂದು ವರ್ಷ ನಿಂತವಳು. ಕೊರೋನಾ ಮುಗಿದು ಮದುವೆಗಳು ಮತ್ತೆ ಜೋರಾಗಿ ಶುರುವಾದ ವರ್ಷ ಅದು. ಹಡಗಲಿ ನನ್ನ ತವರು. ಮದುವೆಯಾಗಿ ಹರಪನಹಳ್ಳಿಗೆ ಬಂದಮೇಲೆ ಮನೆ, ನಲ್ಲಿ, ಕಿರಾಣಿ ಅಂಗಡಿ ಬಿಟ್ಟು ಬೇರೆ ದಾರಿ ಕಂಡವಳಲ್ಲ. ಯಜಮಾನರು ಮೆಕ್ಕೆಜೋಳದ ವ್ಯಾಪಾರಿಯೊಬ್ಬರ ಹತ್ತಿರ ತೂಕ ನೋಡಿಕೊಳ್ಳುತ್ತಿದ್ದರು. ಸೀಜನ್ ಇದ್ದಾಗ ಕೈತುಂಬ ಕೆಲಸ, ಇಲ್ಲದಾಗ ಮನೆಯಲ್ಲಿ ಕೂತು ನನ್ನ ಅಡುಗೆಗೆ ಹೆಸರಿಡುವುದು. ಒಂದು ದಿನ ಬಂದು, "ಬಜಾರಿನ ಕೊಟ್ರಬಸಪ್ಪ ಸಾಹುಕಾರ್ರ ಅಂಗಡಿಗೆ ಒಬ್ಬ ಹೆಣ್ಮಗಳು ಬೇಕಂತ. ಹೋಕ್ಕಿಯೇನು?" ಅಂದರು. ಅಡುಗೆಯ ಮೇಲಿನ ಟೀಕೆ ತಪ್ಪಿದರೆ ಸಾಕು ಅಂತ ಹೂಂ ಅಂದೆ. ನನ್ನ ಬದುಕಿನ ದೊಡ್ಡ ತೀರ್ಮಾನ ಅಷ್ಟು ಸುಲಭವಾಗಿ ಆಗಿಹೋಯಿತು.

ಸಾಹುಕಾರ್ರಿಗೆ ಹೆಣ್ಮಗಳು ಬೇಕಾದದ್ದಕ್ಕೂ ಕಾರಣವಿತ್ತು. ದಾವಣಗೆರೆಯಲ್ಲಿ ದೊಡ್ಡ ದೊಡ್ಡ ಶೋರೂಮುಗಳಾಗಿದ್ದವು. ಎಸಿ, ಲಿಫ್ಟು, ಬಾಗಿಲಲ್ಲಿ ಕೈಮುಗಿಯುವವರು, ಒಂದೇ ಬಣ್ಣದ ಸೀರೆಯುಟ್ಟ ಹುಡುಗಿಯರು. ಹೊಸಪೇಟೆಯಲ್ಲೂ ಹಾಗೇ. ನಮ್ಮ ಕಡೆಯ ಜನ ಸೀರೆಗೆ ಅಲ್ಲಿಗೇ ಹೋಗತೊಡಗಿದ್ದರು. ಕಾಲೇಜಿನ ಹುಡುಗಿಯರು ನಮ್ಮಲ್ಲಿಗೆ ಬಂದು ಬಟ್ಟೆ ಮುಟ್ಟಿ ನೋಡಿ, ಫೋಟೋ ಹೊಡೆದುಕೊಂಡು ಹೋಗಿ, ಮೊಬೈಲಿನಲ್ಲಿ ತರಿಸಿಕೊಳ್ಳುತ್ತಿದ್ದರು. "ನಮ್ಮ ಅಂಗಡಿ ಈಗ ಬಟ್ಟಿ ಮ್ಯೂಸಿಯಂ ಆಗೈತಿ, ಟಿಕೇಟು ಇಡೋದೊಂದು ಬಾಕಿ" ಅಂತ ಸಾಹುಕಾರ್ರೇ ನಗುತ್ತಿದ್ದರು. ಶೋರೂಮಿನವರಂತೆ ತಾವೂ ಬದಲಾಗಬೇಕೆಂದು ನನ್ನನ್ನು ಇಟ್ಟುಕೊಂಡು, ಮೊದಲ ದಿನವೇ ಒಂದು ಗಿಳಿಹಸಿರು ಸೀರೆ ಕೈಗಿಟ್ಟು, "ಯೂನಿಫಾರ್ಮು" ಅಂದರು. ಇದ್ದವಳು ನಾನೊಬ್ಬಳು, ಯಾರ ಜೊತೆ ಯೂನಿಫಾರ್ಮು? ಹಳೆಯ ಸೇಲ್ಸ್‌ಮನ್ ಇಮಾಮಣ್ಣ ಮೆಲ್ಲಗೆ, "ಸಾಹುಕಾರ್ರೇ, ನನಗೂ ಒಂದು ಕೊಡ್ರಿ, ಜೋಡಿ ಆಕತಿ" ಅಂದಾಗ ಮೂವರೂ ನಕ್ಕುಬಿಟ್ಟೆವು. ಆ ಸೀರೆ ಆವತ್ತೇ ಕಪಾಟಿಗೆ ವಾಪಸ್ ಹೋಯಿತು.

ಸಾಹುಕಾರ್ರು ನನ್ನನ್ನು ಹೆಸರಿನಿಂದ ಕರೆದದ್ದು ಕಡಿಮೆ. "ಏ ಹಡಗಲಿ, ಆ ಕಟ್ಟು ಇಳಸವ್ವಾ" ಅನ್ನುವರು. ಇಮಾಮಣ್ಣನಿಗೂ ನಾನು ಹಡಗಲಿಯೇ. ಬಟ್ಟೆ ಮಡಿಸುವುದು, ಹರವುವುದು, ಸೀರೆಯ ಸೆರಗನ್ನು ಗಿರಾಕಿಯ ಭುಜದ ಮೇಲೆ ಹಾಕಿ ಕನ್ನಡಿಯ ಕಡೆ ಮುಖ ಮಾಡಿಸುವುದು, ಎಲ್ಲವನ್ನೂ ಅವರಿಬ್ಬರೂ ಬೈಯದೆ ಕಲಿಸಿದರು. ಮೊದಮೊದಲು ಗಿರಾಕಿ ಕಂಡರೆ ನನ್ನ ಬಾಯಿ ಕಟ್ಟುತ್ತಿತ್ತು. ಒಮ್ಮೆ ಒಬ್ಬ ಹೆಂಗಸು ಕಟ್ಟುಗಟ್ಟಲೆ ಸೀರೆ ಬಿಚ್ಚಿಸಿ ಏನೂ ಕೊಳ್ಳದೆ ಎದ್ದುಹೋದಾಗ ಮೂಲೆಗೆ ಹೋಗಿ ಕಣ್ಣೊರೆಸಿಕೊಂಡೆ. ಸಾಹುಕಾರ್ರು ನೋಡಿದರು. "ಆಕಿ ಇವತ್ತು ಕೊಳ್ಳಾಕ ಬಂದಿಲ್ಲ, ಕುಂದ್ರಾಕ ಬಂದಾಳ. ಮನ್ಯಾಗ ಏನು ತ್ರಾಸೈತೋ ಏನೋ. ಕುಂದ್ರಾಕ ಜಾಗ ಕೊಡೋದೂ ನಮ್ಮ ವ್ಯಾಪಾರನ" ಅಂದರು. ನನ್ನ ಅಂಗಡಿಯ ಮುಂದೆ ಇವತ್ತು ನಾನು ಎರಡು ಸ್ಟೂಲು ಹಾಕಿರುವುದು ಆ ಮಾತಿಗಾಗಿ.

ಕುಂದ್ರುವ ಜಾಗವೆಂದರೆ ಗಾದಿ. ಅಂಗಡಿಯ ಒಳಭಾಗದಲ್ಲಿ ಗೋಡೆಯಿಂದ ಗೋಡೆಗೆ ಹಾಸಿದ ದಪ್ಪನೆಯ ಹತ್ತಿ ಗಾದಿ, ಅದರ ಮೇಲೆ ನೀಲಿ ಹಾಕಿ ಒಗೆದ ಬಿಳಿ ಹೊದಿಕೆ. ಬಿಡಿ ಬಟ್ಟೆ ಕೊಳ್ಳುವವರು ಮುಂದೆ ಮೇಜಿನ ಹತ್ತಿರ ನಿಂತೇ ಕೊಳ್ಳುತ್ತಿದ್ದರು. ಗಾದಿ ಇದ್ದದ್ದು ಜವಳಿಗೆ. ನಮ್ಮ ಕಡೆ ಮದುವೆ ಗೊತ್ತಾದರೆ ಇಡೀ ಬಳಗ ಟ್ರ್ಯಾಕ್ಟರ್ರೋ ಟೆಂಪೋನೋ ಮಾಡಿಕೊಂಡು ಬಟ್ಟೆ ಕೊಳ್ಳಲು ಬರುತ್ತದೆ. ಅದಕ್ಕೆ ಜವಳಿ ಅಂತಲೇ ಹೆಸರು. ಗಂಡಿನವರು, ಹೆಣ್ಣಿನವರು, ಸೋದರಮಾವ, ಅತ್ತಿಗೆಯರು, ಕಂಕುಳ ಕೂಸುಗಳು, ಎಲ್ಲರೂ ಚಪ್ಪಲಿ ಬಿಟ್ಟು ಗಾದಿ ಹತ್ತಿ ಕೂತರೆ ಏಳುವುದು ಹೊತ್ತು ಇಳಿದಮೇಲೆ. ನಡುವೆ ಅಂಗಡಿಯವರದೇ ಚಹಾ, ಮಂಡಕ್ಕಿ, ಮಿರ್ಚಿ. ಜವಳಿಗೆ ಒಂದು ಕ್ರಮವಿದೆ. ಮೊದಲು ತೆಗೆಯುವುದು ದೇವರ ಸೀರೆ. ಉಚ್ಚಂಗಿದುರ್ಗದ ಉಚ್ಚಂಗೆಮ್ಮನ ಒಕ್ಕಲಾದರೆ ಆಕೆಗೆ ಹಸಿರು ಸೀರೆ. ಅದಕ್ಕೆ ಚೌಕಾಸಿ ಇಲ್ಲ. ಅದಕ್ಕೆ ಅರಿಶಿನ ಕುಂಕುಮ ಇಟ್ಟು ಪಕ್ಕದಲ್ಲಿಟ್ಟ ಮೇಲೆಯೇ ಮದುಮಗಳ ಸೀರೆ, ಆಮೇಲೆ ಉಳಿದವರದು. ದೇವರಿಗಿಂತ ಮೊದಲು ಮನುಷ್ಯರು ಬಟ್ಟೆ ತೆಗೆದುಕೊಳ್ಳುವಂತಿಲ್ಲ. ಎಲ್ಲ ಮುಗಿದಮೇಲೆ ಅಂಗಡಿಯ ಸಾಹುಕಾರ ಬಳಗದ ಹಿರಿಯರಿಗೆ ಒಂದು ಶಲ್ಯವನ್ನೋ ಕುಪ್ಪಸದ ಕಣವನ್ನೋ ತನ್ನ ಕಡೆಯಿಂದ ಉಡುಗೊರೆ ಕೊಟ್ಟು ಕಳಿಸಬೇಕು.

ನಾನು ಸೇರಿದ ಕೆಲವೇ ತಿಂಗಳಿಗೆ, ಆ ಲಗ್ನದ ಸೀಜನ್ ಮುಗಿದರೆ ಅಂಗಡಿಯೂ ಮುಗಿಯುತ್ತದೆ ಅಂತ ಗೊತ್ತಾಯಿತು. ಸಾಹುಕಾರ್ರು ಮುಚ್ಚಿಡಲಿಲ್ಲ. ಮಂಡಿ ನೋವು, ವ್ಯಾಪಾರವಿಲ್ಲ, ಹಗರಿಬೊಮ್ಮನಹಳ್ಳಿಗೆ ಕೊಟ್ಟ ಮಗಳಿಗೆ ಅಂಗಡಿ ಬೇಕಿಲ್ಲ. ಮಳಿಗೆ ಬಾಡಿಗೆಗೆ ಕೇಳುವವರಿದ್ದರು. ಇಷ್ಟನ್ನೂ ಹವಾಮಾನ ಹೇಳುವಷ್ಟು ಸಹಜವಾಗಿ ಹೇಳಿ, ಕಡೆಗೆ ದನಿ ತಗ್ಗಿಸಿ ಅಂದರು: "ನಮ್ಮಪ್ಪ ಈ ಅಂಗಡಿ ಬಾಗಿಲ ತೆಗೆದ ದಿನ ಒಂದು ಜವಳಿ ಬಂದು ಗಾದಿ ಮ್ಯಾಲೆ ಕುಂತಿತ್ತಂತ. ಮುಚ್ಚೋಕಿಂತ ಮುಂಚೆ ನನಗೂ ಒಂದು ಜವಳಿ ಬಂದು ಕುಂತ್ರ ಸಾಕು. ಒಂದು. ಹೆಚ್ಚಿಗೇನೂ ಬ್ಯಾಡ."

ಹೋದ ವರ್ಷ, ಅದರ ಹಿಂದಿನ ವರ್ಷ, ಗಾದಿ ಹತ್ತಿದವರೇ ಇರಲಿಲ್ಲ. ನಾನೂ ಅಂಥ ಜವಳಿಯನ್ನು ಬರೀ ಬಾಯಿಮಾತಿನಲ್ಲಿ ಕೇಳಿದ್ದೆ. ಆ ದಿನದಿಂದ ಅವರ ಆಸೆ ನನ್ನದೂ ಆಯಿತು. ಬೀದಿಯಲ್ಲಿ ಟ್ರ್ಯಾಕ್ಟರ್ ಸದ್ದಾದರೆ ನನ್ನ ಕತ್ತು ಹೊರಗೆ ಹೊರಳುತ್ತಿತ್ತು. ಬಂದದ್ದು ಗೊಬ್ಬರದ ಚೀಲ, ಇಟ್ಟಿಗೆ, ಮೆಕ್ಕೆಜೋಳ. ಅಂಗಡಿಗೆ ಬಂದವರು ಟವೆಲು, ಲಂಗದ ಬಟ್ಟೆ, ತೊಟ್ಟಿಲ ಶಾಸ್ತ್ರಕ್ಕೆ ಒಂದು ಕಣ ಕೊಂಡು ಹೋದರು.

ಹಾಗಿದ್ದಾಗ ಹಾಲಮ್ಮಜ್ಜಿಯ ಮನೆಯಿಂದ ಲಗ್ನಪತ್ರಿಕೆ ಬಂತು, ನಾಲ್ಕೂ ಮೂಲೆಗೆ ಅರಿಶಿನ ಹಚ್ಚಿದ್ದು. ಕೊಟ್ಟೂರು ರಸ್ತೆಯ ಒಂದು ಹಳ್ಳಿಯ ಕುರಿ ಸಾಕುವವರ ಮನೆತನ ಅದು. ಅಜ್ಜಿಯ ಮದುವೆ ಸೀರೆ, ಆಕೆಯ ಮಕ್ಕಳ ಜವಳಿ, ಎಲ್ಲವೂ ಈ ಗಾದಿಯ ಮೇಲೆಯೇ ಆಗಿದ್ದವು. ಈಗ ಮೊಮ್ಮಗ ಮಂಜುವಿನ ಮದುವೆ. "ಹಾಲಮ್ಮ ಎಲ್ಲೂ ಹೋಗಂಗಿಲ್ಲ ಬಿಡು" ಅಂದ ಸಾಹುಕಾರ್ರು ಮರುದಿನವೇ ಗಾದಿಯ ಹೊದಿಕೆ ತೆಗೆಸಿ ಒಗೆಯಲು ಹಾಕಿದರು. ಇಮಾಮಣ್ಣ ಗಾದಿಯನ್ನು ಬಿಸಿಲಿಗೆ ಹಾಕಿ ಕೋಲಿನಿಂದ ಬಡಿದ. ನಾನು ಕಪಾಟಿನ ಗಾಜು ಒರೆಸಿದೆ. ಒಳ್ಳೆಯ ರೇಷ್ಮೆ ಸೀರೆಗಳನ್ನು ಮುಂದಕ್ಕೆ ಜೋಡಿಸಿದೆವು. ಮಂಡಕ್ಕಿ ಅಂಗಡಿಯವನಿಗೂ ಒಂದು ಮಾತು ಹೇಳಿಟ್ಟದ್ದಾಯಿತು. ನಮ್ಮ ಮನೆಯ ಮದುವೆಗೂ ನಾನು ಅಷ್ಟು ಸಡಗರಪಟ್ಟಿರಲಿಲ್ಲ.

ಬೇಸಿಗೆಯ ಒಂದು ಬೆಳಿಗ್ಗೆ, ಆಗಲೇ ಬಿಸಿಲು ಚುರುಗುಟ್ಟುತ್ತಿತ್ತು. ನಾನು ಬಾಗಿಲಿಗೆ ನೀರು ಹಾಕುತ್ತಿದ್ದೆ. ತುಂಬಿದ ಟೆಂಪೋ ಒಂದು ಬೀದಿಗೆ ಬಂತು. ಹಿಂದೆ ಹೆಂಗಸರು ಒತ್ತೊತ್ತಾಗಿ ಕೂತಿದ್ದರು, ಮುಂದಿನ ಸೀಟಿನಲ್ಲಿ ಅಜ್ಜಿ. "ಬಂದ್ರು ಬಂದ್ರು!" ಅಂತ ನಾನು ಕೂಗಿದೆ. ಸಾಹುಕಾರ್ರು ಅಂಗಿ ಸರಿಮಾಡಿಕೊಳ್ಳುತ್ತ ಹೊರಗೆ ಬಂದರು. ಟೆಂಪೋ ನಿಲ್ಲಲಿಲ್ಲ. ನಮ್ಮ ಮುಂದೆಯೇ ಹಾದು ದಾವಣಗೆರೆ ರಸ್ತೆಗೆ ತಿರುಗಿತು. ಅಜ್ಜಿ ಈ ಕಡೆ ನೋಡದೆ ಸೆರಗನ್ನು ಮುಖಕ್ಕೆ ಎಳೆದುಕೊಂಡದ್ದು ನನಗೆ ಕಂಡಿತು, ಸಾಹುಕಾರ್ರಿಗೂ ಕಂಡಿರಬೇಕು.

"ಹುಡುಗರ ಕಾಲ. ಅವರಿಗೆ ಲಿಫ್ಟು ಹತ್ತಬೇಕಲ್ಲ" ಅಂದರು ಸಾಹುಕಾರ್ರು. ಆ ದಿನ ಮಧ್ಯಾಹ್ನದ ಬುತ್ತಿ ಬಿಚ್ಚಲಿಲ್ಲ. ಇಮಾಮಣ್ಣ ಮಡಿಸಿದ ಬಟ್ಟೆಯನ್ನೇ ಮತ್ತೆ ಬಿಚ್ಚಿ ಮಡಿಸುತ್ತಿದ್ದ. ನನಗೆ ಆ ಅಜ್ಜಿಯ ಮೇಲೆ ಕೆಂಡದಂಥ ಸಿಟ್ಟು ಬಂದಿತ್ತು.

ದೀಪ ಹಚ್ಚುವ ಹೊತ್ತಿಗೆ ಅದೇ ಟೆಂಪೋ ವಾಪಸ್ ಬಂದು, ಈ ಸಲ ನಮ್ಮ ಮುಂದೆಯೇ ನಿಂತಿತು. ಮದುಮಗ ಮಂಜು ಒಬ್ಬನೇ ಇಳಿದು ಮೆಟ್ಟಿಲ ಹತ್ತಿರ ನಿಂತ.

"ಸಾಹುಕಾರ್ರೇ, ಒಂದು ದೇವ್ರ ಸೀರಿ ಬೇಕಾಗಿತ್ರಿ. ಹಸಿರದು."

"ದಾವಣಗೆರ್ಯಾಗ ಸಿಗಲಿಲ್ಲೇನಪ್ಪಾ?" ಅಂದುಬಿಟ್ಟೆ ನಾನು. ಸಾಹುಕಾರ್ರು ಕಣ್ಣಲ್ಲೇ ಸುಮ್ಮನಿರು ಅಂದರು.

ಪಾಪ, ಅವನು ನಡೆದದ್ದನ್ನೆಲ್ಲ ಹೇಳಿದ. ಶೋರೂಮಿನಲ್ಲಿ ಒಬ್ಬೊಬ್ಬರು ಒಂದೊಂದು ಮಹಡಿಗೆ ಹೋದರಂತೆ, ಹೆಂಗಸರು ಒಂದು ಕಡೆ, ಗಂಡಸರು ಒಂದು ಕಡೆ. ಲಿಫ್ಟಿಗೆ ಹೆದರಿ ಅಜ್ಜಿ ಕೆಳಗೆ ಕುರ್ಚಿಯ ಮೇಲೆ ಕೂಸು ನೋಡಿಕೊಂಡು ಕೂತಿದ್ದಳಂತೆ. ಎಲ್ಲರೂ ಕೂಡಿ ಕೂತದ್ದೇ ಇಲ್ಲ. ಹಾಗಾಗಿ ಮೊದಲು ಯಾವುದು ಅಂತ ಯಾರಿಗೂ ನೆನಪಾಗಿಲ್ಲ. ಬರುವ ದಾರಿಯಲ್ಲಿ ಉಚ್ಚಂಗಿದುರ್ಗಕ್ಕೆ ತಿರುಗುವ ಕಡೆ ಅಜ್ಜಿ ಅಭ್ಯಾಸದಂತೆ ಕೈಮುಗಿದು, "ಅಮ್ಮನ ಸೀರಿ ಯಾವ ಚೀಲದಾಗೈತಿ?" ಅಂದಳಂತೆ. ಯಾವ ಚೀಲದಲ್ಲೂ ಇರಲಿಲ್ಲವಂತೆ. "ದೇವಿಗಿಂತ ಮುಂಚೆ ನಾವು ಉಟ್ಕಂಡಂಗಾತು. ಈ ಗಂಟು ಮನಿ ಹೊಸ್ತಿಲ ದಾಟಂಗಿಲ್ಲ ಅಂತ ಅಜ್ಜಿ ಅಳಾಕ ಹತ್ಯಾಳ್ರಿ" ಅಂದ ಮಂಜು. ಅವನಿಗೇ ಅಳು ಬರುವಂತಿತ್ತು.

"ಅಜ್ಜಿ ಎಲ್ಲಿ?" ಅಂದರು ಸಾಹುಕಾರ್ರು.

"ಇಳಿಯವಲ್ಲಳು. ಯಾವ ಮುಖ ಇಟ್ಕಂಡು ಆ ಮೆಟ್ಟಲ ಹತ್ತಲಿ ಅಂತಾಳ."

ಮಂಡಿ ಹಿಡಿದುಕೊಂಡು ಸಾಹುಕಾರ್ರೇ ಇಳಿದು ಟೆಂಪೋದ ಹತ್ತಿರ ಹೋದರು. ನಾನು ಬೆನ್ನಿಗೇ ಹೋದೆ. ಬೈಯುತ್ತಾರೆ ಅಂದುಕೊಂಡಿದ್ದೆ. ನಿಜ ಹೇಳಬೇಕೆಂದರೆ, ಬೈಯಲಿ ಅಂತಲೂ ಇತ್ತು.

"ಹಾಲಮ್ಮಾ, ಇಳಿ."

"ತಪ್ಪಾತಪ್ಪಾ. ಹುಡುಗ್ರ ಮಾತು ಕೇಳಿ..."

"ತಪ್ಪು ಗಿಪ್ಪು ಆಮ್ಯಾಲೆ. ಮೊದ್ಲು ಇಳಿ. ಎಲ್ಲಾರೂ ಇಳೀರಿ. ಚೀಲ ಎಲ್ಲಾ ಒಳಗ ತರ್ರಿ. ಒಂದೂ ಬಿಡಬ್ಯಾಡ್ರಿ. ಜವಳಿ ಇನ್ನೂ ಆಗಿಲ್ಲ. ಈಗ ಮೊದ್ಲಿಂದ ಮಾಡಾಮು."

ಯಾರಿಗೂ ಅರ್ಥವಾಗಲಿಲ್ಲ. ಇಮಾಮಣ್ಣನಿಗೆ ಮಾತ್ರ ಆಯಿತು. ಅವನು ಓಡಿಹೋಗಿ ಗಾದಿಯ ಮೇಲಿನ ದೀಪಗಳನ್ನೆಲ್ಲ ಹಾಕಿದ. ಬಳಗ ಚಪ್ಪಲಿ ಬಿಟ್ಟು ಹಿಂಜರಿಯುತ್ತ ಗಾದಿ ಹತ್ತಿತು. ಅಜ್ಜಿಯನ್ನು ನಡುವೆ ಕೂರಿಸಿದರು. ಸಾಹುಕಾರ್ರು ಶೋರೂಮಿನ ಚೀಲಗಳನ್ನೆಲ್ಲ ತಮ್ಮ ಬೆನ್ನ ಹಿಂದೆ, ಕಪಾಟಿನ ಬುಡಕ್ಕೆ ಇಡಿಸಿದರು. ಆಮೇಲೆ ಕಪಾಟಿನಿಂದ ಕೆಂಪು ಅಂಚಿನ ಹಸಿರು ಸೀರೆ ತೆಗೆದು ಅಜ್ಜಿಯ ಮಡಿಲ ಮುಂದೆ ಹರವಿದರು. ಗಂಜಿಯ ಗರಿಮುರಿ ಸದ್ದು ಇಡೀ ಅಂಗಡಿಗೆ ಕೇಳಿಸಿತು. ಅಜ್ಜಿ ಎರಡೂ ಕೈಯಿಂದ ಅದಕ್ಕೆ ಅರಿಶಿನ ಕುಂಕುಮ ಇಟ್ಟಳು. ಎಲ್ಲರೂ ಕೈಮುಗಿದರು. ಇಮಾಮಣ್ಣನೂ ಕೈ ಎದೆಗಿಟ್ಟುಕೊಂಡ.

"ಹಾಂ, ಅಮ್ಮಂದಾತು. ಇನ್ನು ಮದುಮಗಳ ಸೀರಿ ತೋರ್ಸು, ಇಮಾಮಾ" ಅಂದರು ಸಾಹುಕಾರ್ರು.

ಇಮಾಮಣ್ಣ ಹಿಂದಕ್ಕೆ ತಿರುಗಿ ಶೋರೂಮಿನ ಚೀಲ ಬಿಚ್ಚಿ, ಕಪಾಟಿನಿಂದಲೇ ತೆಗೆದಂತೆ ಒಂದು ರೇಷ್ಮೆ ಸೀರೆ ಎತ್ತಿ ಗಾಳಿಯಲ್ಲಿ ಬೀಸಿ ಹರವಿದ. "ನೋಡ್ರವ್ವಾ, ಹೊಸಾ ಮಾಲು! ಇವತ್ತೇ ಬಂದೈತಿ!" ಅಂತ ಕೂಗಿದ. ಮೊದಲು ನಕ್ಕವಳು ಅಜ್ಜಿಯೇ, ಕಣ್ಣಲ್ಲಿ ನೀರಿಟ್ಟುಕೊಂಡೇ ನಕ್ಕಳು. ಅಲ್ಲಿಂದ ಜವಳಿ ಕಳೆಗಟ್ಟಿತು. ನಾನು ಮದುಮಗಳ ನಾದಿನಿಯ ಭುಜಕ್ಕೆ ಸೆರಗು ಹಾಕಿ ಕನ್ನಡಿಗೆ ತಿರುಗಿಸಿದೆ. ಅತ್ತಿಗೆಯರು, ಈ ಬಣ್ಣ ನನಗೆ ಒಪ್ಪುತ್ತೋ ಇಲ್ಲವೋ ಅಂತ, ಆಗಲೇ ಕೊಂಡು ತಂದ ಸೀರೆಗಳಿಗೆ ಜಗಳ ಶುರುಮಾಡಿದರು. ಶೋರೂಮಿನಲ್ಲಿ ಆಗದ ಅದಲು ಬದಲು ಗಾದಿಯ ಮೇಲೆ ಆಯಿತು. ಸೋದರಮಾವ ತನಗೆ ತಂದ ಅಂಗಿ ಬಟ್ಟೆ ಚಿಕ್ಕದಾಯಿತೆಂದು ಮುನಿಸಿಕೊಂಡು, ಮಿರ್ಚಿ ಬಂದಮೇಲೆ ಸಮಾಧಾನವಾದ. ಸಾಹುಕಾರ್ರು ಒಂದೊಂದು ಬಟ್ಟೆಯನ್ನೂ ಹೆಬ್ಬೆರಳು ತೋರುಬೆರಳ ನಡುವೆ ಉಜ್ಜಿ ನೋಡಿ ದಾಟಿಸುತ್ತಿದ್ದರು. ಸುಮ್ಮನಿರುವುದು ಅವರಿಂದಲೂ ಆಗಲಿಲ್ಲ. ಕಿತ್ತಳೆ ಬಣ್ಣದ ಶಲ್ಯವೊಂದನ್ನು ಉಜ್ಜಿ, "ಇದರ ಬಣ್ಣ ಮಾತ್ರ ನಿಲ್ಲಂಗಿಲ್ಲ. ಒಂದೆರಡು ಒಗತ ಅಷ್ಟ" ಅಂದರು.

ಕಡೆಗೆ ಉಡುಗೊರೆಯ ಹೊತ್ತು. ಸಾಹುಕಾರ್ರು ರೂಢಿಯಂತೆ ಕುಪ್ಪಸದ ಕಣವನ್ನು ಅಜ್ಜಿಯ ಉಡಿಗೆ ಹಾಕಿದರು. ಅಜ್ಜಿ ಏಳಲಿಲ್ಲ. ಅತ್ತಿತ್ತ ನೋಡಿ, ಆ ಕಿತ್ತಳೆ ಶಲ್ಯವನ್ನೇ ಎಳೆದುಕೊಂಡು, ಮೊಮ್ಮಗನ ಕೈ ಹಿಡಿದು ಎದ್ದು ನಿಂತು, ಸಾಹುಕಾರ್ರ ಹೆಗಲ ಮೇಲೆ ಹಾಕಿದಳು.

"ನಿಮ್ಮಪ್ಪನ ಕಾಲದಿಂದ ನಮಗ ನೀವು ಹೊದಿಸೀರಿ. ನಿಮಗ ಹೊದಿಸಬೇಕಂತ ನಮ್ಮ ಮನ್ಯಾಗ ಯಾರಿಗೂ ತಿಳೀಲೇ ಇಲ್ಲ. ಇದೊಂದು ತಗಾ ನನ್ನಪ್ಪಾ" ಅಂದಳು.

ಬದುಕಿಡೀ ಬಟ್ಟೆ ಕೊಟ್ಟವರಿಗೆ ಬಟ್ಟೆ ತೆಗೆದುಕೊಂಡು ಗೊತ್ತಿರಲಿಲ್ಲ. ಸಾಹುಕಾರ್ರು ಶಲ್ಯದ ಎರಡೂ ತುದಿ ಹಿಡಿದುಕೊಂಡು ಹಾಗೇ ನಿಂತರು. ಟೆಂಪೋ ಹೋದಮೇಲೆ ಗಾದಿಯ ಮೇಲೆ ಮಂಡಕ್ಕಿ ಚೆಲ್ಲಾಡಿತ್ತು. ನಾನು ಗುಡಿಸಲು ಹೋದರೆ, "ಇರಲಿ ಬಿಡವ್ವಾ ಹಡಗಲಿ, ನಾಳಿ ಗುಡಿಸಿದ್ರಾತು" ಅಂದರು.

ಮುಂಗಾರು ಬರುವ ಹೊತ್ತಿಗೆ ಅಂಗಡಿ ಖಾಲಿಯಾಯಿತು. ಆ ಜವಳಿಯ ದಿನ ಮಾರಿದ್ದು ಒಂದು ದೇವರ ಸೀರೆ ಮಾತ್ರ. ಅದರಿಂದ ಅಂಗಡಿ ಉಳಿಯುವಂತಿರಲಿಲ್ಲ, ಉಳಿಯಲೂ ಇಲ್ಲ. ಇಮಾಮಣ್ಣ ಹೊಸಪೇಟೆಯಲ್ಲಿರುವ ಮಗಳ ಮನೆಗೆ ಹೋದ. ಅಂಗಡಿಯ ಬಾಗಿಲು ಹಾಕಿದ ದಿನ ಸಾಹುಕಾರ್ರು ನನ್ನನ್ನು ಕರೆದು, ಉಳಿದ ಕುಪ್ಪಸದ ಕಣಗಳ ಗಂಟನ್ನು ಕೈಗಿಟ್ಟು, "ಇನ್ನೊಬ್ಬರ ಅಂಗಡ್ಯಾಗ ನಿಂದ್ರಬ್ಯಾಡ, ನಿಂದೇ ಮಾಡು" ಅಂದರು. ಯಜಮಾನರ ಕೆಲಸ ಕಾನಹೊಸಹಳ್ಳಿಗೆ ಬದಲಾದಾಗ ಆ ಗಂಟಿನಿಂದಲೇ ನನ್ನ ಅಂಗಡಿ ಶುರುವಾಯಿತು. ಗಿರಾಕಿಯ ಮುಖ ನೋಡಿ ಮಾತಾಡುವ ಧೈರ್ಯ, ಕೊಳ್ಳದೆ ಹೋದವರನ್ನೂ ನಗುತ್ತ ಕಳಿಸುವ ತಾಳ್ಮೆ, ಎಲ್ಲ ಆ ಒಂದು ವರ್ಷದ್ದು. ಆ ಋಣವನ್ನು ನೆನೆಯದೆ ನಾನು ಬೆಳಿಗ್ಗೆ ಶಟರ್ ಎತ್ತಿದ್ದಿಲ್ಲ.

ಮೊಬೈಲ್ ಅಂಗಡಿಯಿಂದ ಹೊರಟು ಬಜಾರಿನ ಹಿಂದಿನ ಓಣಿಗೆ ಹೋದೆ. ಸಾಹುಕಾರ್ರು ಮನೆಯ ಮುಂದಿನ ಕಟ್ಟೆಯ ಮೇಲೆ ಕೂತು ಪಕ್ಕದ ಮನೆಯವರೊಡನೆ ಹರಟುತ್ತಿದ್ದರು. ತೆಳ್ಳಗಾಗಿದ್ದಾರೆ, ದನಿ ಮಾತ್ರ ಹಾಗೇ ಇದೆ. "ಏ, ಹಡಗಲಿ ಬಂತು ನೋಡ್ರಿ!" ಅಂತ ಒಳಗೆ ಚಹಾಕ್ಕೆ ಕೂಗಿದರು. ಹೆಗಲ ಮೇಲೆ ಕಿತ್ತಳೆ ಬಣ್ಣದ ಶಲ್ಯವಿತ್ತು. ನಾನು ಅದನ್ನೇ ನೋಡುತ್ತಿರುವುದು ಅವರಿಗೆ ತಿಳಿಯಿತು. ತುದಿ ಹಿಡಿದು, ಹೆಬ್ಬೆರಳು ತೋರುಬೆರಳ ನಡುವೆ ಹಳೆಯ ಅಭ್ಯಾಸದಂತೆ ಉಜ್ಜಿದರು.

"ಅಂದಿನಿಂದ ಒಗೆದು ಒಗೆದು ಹೊದಿತೀನವ್ವಾ" ಅಂದರು. "ಬಣ್ಣ ಹೋಗ್ತದ ಅಂದಿದ್ನಲ್ಲ. ಹೋಗಲಿಲ್ಲ ನೋಡು."